ಒಡಂಬಡಿಕೆಯ ಭಂಗವೂ ಅದರ ಫಲವೂ: ಹೀಬ್ರೂ ಧರ್ಮಗ್ರಂಥದಲ್ಲಿ ದೈವದ್ರೋಹದ ವಿಚಾರ

ದೇವರಿಗೆ ದ್ರೋಹ ಬಗೆದ ಜನಕ್ಕೆ ಕೇಡು ತಪ್ಪದೆಂಬುದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಆದ್ಯಂತವಾಗಿ ಹರಿದು ಬಂದಿರುವ ವಿಚಾರ. ಗ್ರಂಥವನ್ನು ಮೇಲೆ ಮೇಲೆ ಓದಿದವರಿಗೆ ಇದು ಬಹು ಸರಳವಾದ ಲೆಕ್ಕವಾಗಿ ಕಾಣುವುದುಂಟು: ಭಕ್ತಿಗೆ ಮಳೆ ಬೆಳೆ, ದ್ರೋಹಕ್ಕೆ ಬರ, ಯುದ್ಧ, ಸೆರೆ. ಲೋಕಾನುಭವಕ್ಕೆ ಅಡಿಗಡಿಗೂ ವಿರುದ್ಧವಾಗುವ ಇಂಥ ಲೆಕ್ಕವನ್ನು ಅಷ್ಟು ದೊಡ್ಡ ಗ್ರಂಥವೊಂದು ಹೇಗೆ ನಂಬೀತೆಂದು ವಿದ್ಯಾರ್ಥಿಗಳು ಕೇಳುವುದು ಸಹಜವೇ. ಆ ಲೆಕ್ಕವನ್ನು ಬರೆದವರೇ ಅದನ್ನು ಹಲವು ಸಲ ತಿದ್ದಿದ್ದಾರೆ, ಶೋಧಿಸಿದ್ದಾರೆ, ಕೆಲವೆಡೆ ಪ್ರತಿಭಟಿಸಿಯೂ ಇದ್ದಾರೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೇವರ ಕೋಪದಿಂದ ನಾಡಿಗೆ ವಿಪತ್ತು ಬರುತ್ತದೆಂಬ ನಂಬಿಕೆ ಇಸ್ರಾಯೇಲರ ಸ್ವಂತ ಸೊತ್ತಲ್ಲ. 1868ರಲ್ಲಿ ಮೃತಸಮುದ್ರದ ಪೂರ್ವಕ್ಕಿರುವ ದೀಬೋನಿನಲ್ಲಿ ದೊರೆತು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಶಿಲಾಶಾಸನದಲ್ಲಿ ಮೋವಾಬಿನ ಅರಸ ಮೇಷನು, ಕೆಮೋಷ ದೇವನು ತನ್ನ ನಾಡಿನ ಮೇಲೆ ಮುನಿದುದರಿಂದಲೇ ಇಸ್ರಾಯೇಲರು ಅದನ್ನು ಬಹುಕಾಲ ಪೀಡಿಸಿದರೆಂದು ಬರೆಯಿಸಿದ್ದಾನೆ. ಅದಕ್ಕೂ ಐದು ಶತಮಾನ ಹಿಂದೆ ಹಿಟ್ಟೈಟರ ದೊರೆ ಎರಡನೆಯ ಮುರ್ಸಿಲಿ ಮಾಡಿದ ಪ್ರಾರ್ಥನೆಗಳು ಇನ್ನೂ ಸ್ವಾರಸ್ಯವಾಗಿವೆ. ರಾಜ್ಯದಲ್ಲಿ ಮಹಾಮಾರಿ ವರ್ಷಗಟ್ಟಲೆ ನಿಲ್ಲದೆ ಹೋದಾಗ ಅವನು ಹಳೆಯ ಫಲಕಗಳನ್ನು ಹುಡುಕಿಸಿದನು. ತನ್ನ ತಂದೆ ಸುಪ್ಪಿಲುಲಿಯುಮನು ಈಜಿಪ್ಟಿನವರೊಡನೆ ಇದ್ದ ಪ್ರಮಾಣಬದ್ಧ ಒಪ್ಪಂದವನ್ನು ಮುರಿದುದು ಅದರಿಂದ ತಿಳಿದುಬಂತು. ತಂದೆಯ ಪಾಪ ಮಗನ ಮೇಲೆ ಬರುವುದು ನಿಜವೆಂದೊಪ್ಪಿಕೊಂಡು ಆ ದೊರೆ ದೇವತೆಗಳ ಮುಂದೆ ತಪ್ಪೊಪ್ಪಿಗೆ ಮಾಡುತ್ತಾನೆ. ಆಣೆಯ ಭಂಗ, ಅದಕ್ಕೆ ದೈವದಂಡನೆ, ಅದು ಸಂತತಿಗೂ ಹರಿಯುವಿಕೆ: ಬೈಬಲಿನ ವಿಚಾರದ ಮೂರು ಎಳೆಗಳೂ ಇಲ್ಲಿ ಆಗಲೇ ಇವೆ.

ಹಾಗಾದರೆ ಹೀಬ್ರೂ ಜನರ ವಿಶೇಷವೇನು? ಮುರ್ಸಿಲಿಯ ತಂದೆ ಮುರಿದುದು ಇನ್ನೊಂದು ರಾಜ್ಯದೊಡನೆ ಮಾಡಿಕೊಂಡ ಕರಾರು. ದೇವತೆಗಳು ಅದಕ್ಕೆ ಸಾಕ್ಷಿಗಳು ಮಾತ್ರ. ಇಸ್ರಾಯೇಲರಲ್ಲಾದರೋ ದೇವರೇ ಕರಾರಿನ ಒಂದು ಪಕ್ಷ. ‘ಬೆರೀತ್’ ಎಂಬ ಹೀಬ್ರೂ ಶಬ್ದವನ್ನು ಕನ್ನಡ ಬೈಬಲು ‘ಒಡಂಬಡಿಕೆ’ ಎಂದು ಅನುವಾದಿಸಿದೆ. ಶಬ್ದ ಚೆನ್ನಾಗಿದೆ, ಆದರೆ ಕನ್ನಡ ಕಿವಿಗೆ ಇದರಲ್ಲಿ ಸಮಾನರಾದ ಇಬ್ಬರ ಸಮ್ಮತಿ ಎಂಬ ಅರ್ಥವೇ ಮುಂದಾಗಿ ಕೇಳಿಸುತ್ತದೆ. ಬೆರೀತ್ ಅನೇಕ ವೇಳೆ ಸಾರ್ವಭೌಮನು ಸಾಮಂತನಿಂದ ತೆಗೆದುಕೊಂಡ ಆಣೆ. 1931ರಲ್ಲಿ ವಿಕ್ಟರ್ ಕೊರೋಶೆಟ್ಸ್ ಹಿಟ್ಟೈಟ್ ಒಪ್ಪಂದಗಳ ರಚನೆಯನ್ನು ವಿಶ್ಲೇಷಿಸಿದ ಮೇಲೆ, 1954ರಲ್ಲಿ ಜಾರ್ಜ್ ಮೆಂಡೆನ್‌ಹಾಲ್ ಇದೇ ಕ್ರಮ ಸೀನಾಯಿ ಪರ್ವತದ ಒಡಂಬಡಿಕೆಯಲ್ಲಿಯೂ ಇದೆಯೆಂದು ವಾದಿಸಿದರು: ಪ್ರಭುವಿನ ಹೆಸರು, ಅವನು ಹಿಂದೆ ಮಾಡಿದ ಉಪಕಾರಗಳ ವರ್ಣನೆ, ವಿಧಿಗಳು, ಸಾಕ್ಷಿಗಳು, ಕಡೆಯಲ್ಲಿ ವರ ಮತ್ತು ಶಾಪ. ಈ ಹೋಲಿಕೆಯ ಕಾಲನಿರ್ಣಯದಲ್ಲಿ ವಿದ್ವಾಂಸರು ಈಗ ಒಮ್ಮತದಲ್ಲಿಲ್ಲ. ಹೋಲಿಕೆ ಇರುವುದನ್ನು ಅಲ್ಲಗಳೆದವರು ಕಡಮೆ.

ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಮಾಡುವುದಿಲ್ಲ’, ‘ಕಡಿಯುತ್ತಾರೆ’. ಪಶುವನ್ನು ಸೀಳಿ, ಹೋಳುಗಳ ನಡುವೆ ನಡೆದು, ಮಾತಿಗೆ ತಪ್ಪಿದರೆ ತನಗೂ ಇದೇ ಗತಿಯೆಂದು ಒಪ್ಪಿಕೊಳ್ಳುವ ಆಚಾರವೇ ಈ ನುಡಿಗಟ್ಟಿನ ಹಿನ್ನೆಲೆಯೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅಸ್ಸೀರಿಯದ ದೊರೆ ಐದನೆಯ ಅಶ್ಶೂರ್‌ನಿರಾರಿಯು ಕ್ರಿ.ಪೂ. 8ನೆಯ ಶತಮಾನದಲ್ಲಿ ಮತಿʼಇಲು ಎಂಬ ಅರಮಾಯ ಅರಸನಿಂದ ತೆಗೆದುಕೊಂಡ ಆಣೆಯಲ್ಲಿ, ಇಲ್ಲಿ ಕಡಿದಿರುವುದು ಕುರಿಯ ತಲೆಯಲ್ಲ, ಮತಿʼಇಲುವಿನ ತಲೆ ಎಂಬ ಅರ್ಥದ ಘೋಷಣೆಯೇ ಇದೆ.

ಈ ಆಚಾರ ಬೈಬಲಿನಲ್ಲಿ ಎಲ್ಲಕ್ಕಿಂತ ತೀಕ್ಷ್ಣವಾಗಿ ಕಾಣಿಸಿಕೊಳ್ಳುವುದು ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯದಲ್ಲಿ. ಆ ಪ್ರಸಂಗವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಸಾಲಕ್ಕಾಗಿಯೋ ಬಡತನಕ್ಕಾಗಿಯೋ ದಾಸರಾದ ಸ್ವಜನರನ್ನು ಆರು ವರ್ಷಗಳ ಸೇವೆಯಾದ ಮೇಲೆ ಬಿಡಬೇಕೆಂಬ ವಿಧಿ ಹಿಂದಿನಿಂದಲೂ ಇದ್ದಿತು. ಅದನ್ನು ಯಾರೂ ಪಾಲಿಸಿರಲಿಲ್ಲ. ಅಪಾಯ ತಲೆಯ ಮೇಲೆ ಬಂದಾಗ ಅರಸ ಚಿದ್ಕೀಯನೂ ಶ್ರೀಮಂತರೂ ದೇವಾಲಯದಲ್ಲಿ ಕರುವನ್ನು ಸೀಳಿ ಅದರ ಹೋಳುಗಳ ನಡುವೆ ಹಾದುಹೋಗಿ ದಾಸದಾಸಿಯರನ್ನು ಬಿಡುಗಡೆ ಮಾಡಿದರು. ಅಷ್ಟರಲ್ಲಿ ಈಜಿಪ್ಟಿನ ದಂಡು ಬರುತ್ತಿದೆಯೆಂದು ಕೇಳಿ ಬಾಬೆಲಿನವರು ಮುತ್ತಿಗೆಯನ್ನು ತೆಗೆದರು. ಊರು ಉಸಿರಾಡಿತು. ಒಡನೆಯೇ ಯಜಮಾನರು ಬಿಟ್ಟವರನ್ನು ಮತ್ತೆ ಹಿಡಿದುತಂದು ದಾಸ್ಯಕ್ಕೆ ಹಾಕಿದರು. ಇದಕ್ಕೆ ಪ್ರವಾದಿಯ ಮೂಲಕ ಬಂದ ತೀರ್ಪು ಭಯಂಕರವಾದುದು: ನೀವು ಬಿಡುಗಡೆಯನ್ನು ಸಾರಲಿಲ್ಲವಾದ್ದರಿಂದ ಖಡ್ಗ, ವ್ಯಾಧಿ, ಕ್ಷಾಮಗಳಿಗೆ ನಿಮ್ಮ ಮೇಲೆ ಬಿಡುಗಡೆ ಸಾರಲಾಗುವುದು, ನೀವು ಆ ಕರುವಿನಂತೆಯೇ ಆಗುವಿರಿ ಎಂದು ಅದರ ಭಾವ. ಮೊದಲ ‘ಬಿಡುಗಡೆ’ಯ ಶಬ್ದವನ್ನೇ ಎರಡನೆಯದರಲ್ಲಿ ತಿರುಗಿಸಿ ಹೊಡೆದಿರುವ ವ್ಯಂಗ್ಯ ಗಮನಾರ್ಹವಾದುದು. ಇಲ್ಲಿ ದೈವದ್ರೋಹವೆಂದರೆ ಅನ್ಯದೇವತೆಯ ಪೂಜೆಯಲ್ಲ. ದೇವರ ಹೆಸರಿನಲ್ಲಿ ಬಡವನಿಗೆ ಕೊಟ್ಟ ಮಾತನ್ನು ಹಿಂತೆಗೆದುಕೊಂಡುದೇ ದೈವದ್ರೋಹ. ವಿಗ್ರಹಾರಾಧನೆಯೊಂದನ್ನೇ ಮುಂದಿಟ್ಟು ಪ್ರವಾದಿಗಳನ್ನು ಓದುವವರು ಈ ಅಧ್ಯಾಯವನ್ನು ಮರೆಯುವುದು ಶೋಚನೀಯ.

ಶಾಪಗಳ ವಿಷಯಕ್ಕೆ ಬರೋಣ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಿ ವಿಧೇಯರಿಗೆ ದೊರೆಯುವ ವರಗಳಿಗೆ 14 ವಚನಗಳು, ಅವಿಧೇಯರಿಗೆ ತಗಲುವ ಶಾಪಗಳಿಗೆ 54 ವಚನಗಳು. ಈ ಅಸಮತೆಯೇ ಓದುಗನನ್ನು ಬೆಚ್ಚಿಸುತ್ತದೆ. 1955ರಲ್ಲಿ ಇರಾಕಿನ ನಿಮ್ರೂದ್ ಎಂಬಲ್ಲಿ ನಾಬೂ ದೇವಾಲಯದಲ್ಲಿ ದೊರೆತ ಮಣ್ಣಿನ ಫಲಕಗಳನ್ನು 1958ರಲ್ಲಿ ಡೊನಾಲ್ಡ್ ವೈಸ್‌ಮನ್ ಪ್ರಕಟಿಸಿದಾಗ ಈ ಅಧ್ಯಾಯದ ಮೇಲೆ ಹೊಸ ಬೆಳಕು ಬಿದ್ದಿತು. ಅವು ಕ್ರಿ.ಪೂ. 672ರಲ್ಲಿ ಅಸ್ಸೀರಿಯದ ಚಕ್ರವರ್ತಿ ಎಸರ್‌ಹದ್ದೋನನು ತನ್ನ ಮಗ ಅಶ್ಶೂರ್‌ಬನಿಪಾಲನ ಉತ್ತರಾಧಿಕಾರಕ್ಕಾಗಿ ಅಧೀನರಿಂದ ತೆಗೆದುಕೊಂಡ ಆಣೆಗಳು. ಮಾತಿಗೆ ತಪ್ಪಿದವರ ನೆಲ ಕಬ್ಬಿಣವಾಗಲಿ, ಕಂಚಿನ ಆಕಾಶದಿಂದ ಮಳೆ ಬಾರದಂತೆ ಅವರ ಹೊಲಗಳಿಗೂ ಬಾರದಿರಲಿ ಎಂಬ ಶಾಪ ಅಲ್ಲಿದೆ. ಅದೇ ಲೋಹಗಳ ಅದೇ ಜೋಡಿ ಧರ್ಮೋಪದೇಶಕಾಂಡದಲ್ಲಿಯೂ ಇದೆ. ಚರ್ಮರೋಗ, ಕುರುಡು, ಹದ್ದುಗಳಿಗೆ ಆಹಾರವಾಗುವ ಹೆಣ, ಪರರ ಪಾಲಾಗುವ ಹೆಂಡತಿ ಇವೂ ಎರಡೂ ಕಡೆ ಬಹುಮಟ್ಟಿಗೆ ಒಂದೇ ಗುಂಪಾಗಿ ಬರುತ್ತವೆ. ಅಸ್ಸೀರಿಯದಲ್ಲಿ ಈ ಶಾಪಗಳಿಗೆ ಕ್ರಮವುಂಟು: ಚಂದ್ರದೇವ ಸಿನ್ ಚರ್ಮರೋಗವನ್ನು, ನ್ಯಾಯಾಧಿಪತಿ ಸೂರ್ಯ ಕುರುಡನ್ನು ಕೊಡುತ್ತಾನೆ; ಒಬ್ಬೊಬ್ಬ ದೇವತೆಗೆ ಒಂದೊಂದು ಅಧಿಕಾರ. ಹೀಬ್ರೂ ಪಾಠದಲ್ಲಿ ದೇವತೆಗಳ ಹೆಸರುಗಳೆಲ್ಲ ಮಾಯವಾಗಿ, ಎಲ್ಲವನ್ನೂ ಯೆಹೋವನೊಬ್ಬನೇ ಮಾಡುವನೆಂದಾಗಿದೆ. 1965ರಲ್ಲಿ ಮೋಷೆ ವೈನ್‌ಫೆಲ್ಡ್ ಮತ್ತು ಫ್ರಾಂಕೆನಾ ಪ್ರತ್ಯೇಕವಾಗಿಯೇ ಈ ಸಾಮ್ಯವನ್ನು ವಿವರಿಸಿದರು. 2009ರಲ್ಲಿ ತುರ್ಕಿಯ ತೆಲ್ ತಾಯಿನಾತಿನಲ್ಲಿ, ಅಂದರೆ ಸಾಮ್ರಾಜ್ಯದ ಪಶ್ಚಿಮ ಭಾಗದ ದೇವಾಲಯವೊಂದರ ಒಳಗೆ, ಇದೇ ಆಣೆಯ ಇನ್ನೊಂದು ಪ್ರತಿ ಸಿಕ್ಕಿತು. ಯೆಹೂದದ ಅರಸ ಮನಸ್ಸೆಯು ಎಸರ್‌ಹದ್ದೋನನ ಸಾಮಂತರ ಪಟ್ಟಿಯಲ್ಲಿ ಇರುವುದರಿಂದ ಯೆರೂಸಲೇಮಿನಲ್ಲಿಯೂ ಇಂಥ ಪ್ರತಿ ಇದ್ದಿರಬಹುದೆಂಬ ಊಹೆಗೆ ಇದರಿಂದ ಬಲ ಬಂದಿದೆ.

ಕನ್ನಡ ಶಾಸನಗಳನ್ನು ಬಲ್ಲ ವಾಚಕರಿಗೆ ಇಲ್ಲಿ ನಮ್ಮ ದಾನಶಾಸನಗಳ ಶಾಪಾಶಯ ನೆನಪಾಗದಿರದು. ದತ್ತಿಯನ್ನು ಅಳಿದವನಿಗೆ ಮಹಾಪಾತಕವೆಂಬ ಮಾತು ಹಲ್ಮಿಡಿ ಶಾಸನದಲ್ಲಿಯೇ ಇದೆ. ಮುಂದೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ, ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವಿಕೆ ಮುಂತಾಗಿ ಅದು ಬೆಳೆಯಿತು. ಅರಸನ ಕೈ ನಿಲುಕದ ಮುಂಗಾಲಕ್ಕೆ ಶಾಪವೇ ಕಾವಲು. ಎರಡಕ್ಕೂ ಐತಿಹಾಸಿಕ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ವ್ಯತ್ಯಾಸವೇ ಹೆಚ್ಚು ಬೋಧಪ್ರದ. ನಮ್ಮ ಶಾಸನದ ಶಾಪ ತಪ್ಪಿದ ವ್ಯಕ್ತಿಗೆ, ಅದೂ ಬಹುಪಾಲು ಜನ್ಮಾಂತರದಲ್ಲಿ. ಧರ್ಮೋಪದೇಶಕಾಂಡದ ಶಾಪ ಇಡೀ ಜನಾಂಗಕ್ಕೆ, ಇದೇ ಮಣ್ಣಿನ ಮೇಲೆ, ಇತಿಹಾಸದಲ್ಲಿ. ಪರಲೋಕದ ನರಕಕ್ಕೆ ಅಲ್ಲಿ ಎಡೆಯಿಲ್ಲ. ಆದ್ದರಿಂದಲೇ ಆ ಶಾಪವನ್ನು ಘಟನೆಗಳೊಡನೆ ತಾಳೆ ನೋಡಬಹುದಾಗಿತ್ತು. ಮುಂದಿನ ತೊಡಕುಗಳೆಲ್ಲ ಹುಟ್ಟಿದ್ದು ಇದರಿಂದಲೇ.

ರಾಜಕೀಯ ಕರಾರಿನ ಈ ಭಾಷೆಯನ್ನು ಮನೆಯೊಳಕ್ಕೆ ತಂದವನು ಹೋಶೇಯ. ಕ್ರಿ.ಪೂ. 8ನೆಯ ಶತಮಾನದಲ್ಲಿ ಉತ್ತರರಾಜ್ಯ ಐಶ್ವರ್ಯದಲ್ಲಿದ್ದಾಗ ಅವನು ತನ್ನ ದಾಂಪತ್ಯದ ನೋವನ್ನೇ ಉಪದೇಶವಾಗಿ ಮಾಡಿಕೊಂಡನು. ಪತ್ನಿ ಗೋಮೆರಳ ಮಕ್ಕಳಿಗೆ ಅವನಿಟ್ಟ ಹೆಸರುಗಳೇ ತೀರ್ಪುಗಳು: ಒಬ್ಬಳು ‘ವಾತ್ಸಲ್ಯಕ್ಕೆ ದೂರವಾದವಳು’, ಇನ್ನೊಬ್ಬನು ‘ನನ್ನ ಜನವಲ್ಲ’. ‘ಬಾಳ್’ ಎಂಬ ಶಬ್ದಕ್ಕೆ ಒಡೆಯ, ಗಂಡ ಎಂಬ ಅರ್ಥಗಳೂ ಇರುವುದರಿಂದ ಅವನು ಅದರೊಡನೆ ಆಡಿದ ಶ್ಲೇಷ ಅರ್ಥಗರ್ಭಿತವಾಗಿದೆ. ಜನರು ಬಾಳನನ್ನು ಪೂಜಿಸುವಾಗ ಯೆಹೋವನನ್ನು ಬಿಟ್ಟೆವೆಂದು ಭಾವಿಸಿದ್ದರೇ ಎಂಬುದೇ ಸಂದೇಹ. 1910ರಲ್ಲಿ ಸಮಾರ್ಯದ ಉತ್ಖನನದಲ್ಲಿ ದೊರೆತ, ಎಣ್ಣೆ ದ್ರಾಕ್ಷಾರಸಗಳ ಲೆಕ್ಕ ಬರೆದ ಮಡಕೆ ಚೂರುಗಳಲ್ಲಿ ಯೆಹೋವನ ಹೆಸರು ಸೇರಿದ ವ್ಯಕ್ತಿನಾಮಗಳೂ ಬಾಳನ ಹೆಸರು ಸೇರಿದ ವ್ಯಕ್ತಿನಾಮಗಳೂ ಒಟ್ಟಿಗೆ ಬರುತ್ತವೆ. 1975-76ರಲ್ಲಿ ಸೀನಾಯಿಯ ಕುಂತಿಲ್ಲತ್ ಅಜ್ರೂದಿನಲ್ಲಿ ಸಿಕ್ಕ ಬರಹಗಳಲ್ಲಿ ಸಮಾರ್ಯದ ಯೆಹೋವನ ಜೊತೆಗೆ ‘ಅವನ ಅಶೇರ’ದ ಹೆಸರಿನಲ್ಲಿಯೂ ಆಶೀರ್ವಾದ ಬೇಡಲಾಗಿದೆ. ಪ್ರವಾದಿ ವ್ಯಭಿಚಾರವೆಂದು ಕಂಡುದು ಸಾಮಾನ್ಯ ಗೃಹಸ್ಥನಿಗೆ ನಿತ್ಯದ ಭಕ್ತಿಯೇ ಆಗಿದ್ದಿತು. ದ್ರೋಹವೆಂಬುದನ್ನು ದ್ರೋಹವೆಂದು ಗುರುತಿಸುವುದೇ ಹೋಶೇಯನ ಮೊದಲ ಕಷ್ಟ.

ಅವನ ರೂಪಕದಲ್ಲಿ ಹೆಂಡತಿಯನ್ನು ಬಯಲಿನಲ್ಲಿ ಬತ್ತಲೆ ಮಾಡುವ ಬೆದರಿಕೆಯೂ ಇದೆ. ಇದನ್ನು ಇಂದಿನ ವಿಮರ್ಶಕಿಯರು ಖಂಡಿಸಿರುವುದು ಸಕಾರಣವಾಗಿದೆ; ರೂಪಕವೆಂದು ಹೇಳಿ ಜಾರಿಕೊಳ್ಳುವುದು ನ್ಯಾಯವಲ್ಲ. ಆದರೆ ಕರಾರಿನ ಭಾಷೆಯಲ್ಲಿ ಆಗದಿದ್ದುದೊಂದು ಈ ಭಾಷೆಯಲ್ಲಿ ಆಯಿತು. ದ್ರೋಹ ಮಾಡಿದ ಸಾಮಂತನಿಗಾಗಿ ಯಾವ ಚಕ್ರವರ್ತಿಯೂ ಅಳುವುದಿಲ್ಲ. 11ನೆಯ ಅಧ್ಯಾಯದಲ್ಲಿ ರೂಪಕ ತಂದೆ ಮಗನದಾಗಿ ಬದಲಾಗಿ, ನಡೆಯಲು ಕಲಿಸಿದ ಮಗುವನ್ನು ಹೇಗೆ ಕೈಬಿಡಲೆಂದು ದೇವರೇ ತನ್ನ ತೀರ್ಪಿನ ಮುಂದೆ ತಡವರಿಸುತ್ತಾನೆ. ಶಾಪದ ಪಟ್ಟಿಯಲ್ಲಿ ಇಂಥ ತಡವರಿಕೆಗೆ ಸ್ಥಳವಿರಲಿಲ್ಲ.

ಸಮಾರ್ಯ ಕ್ರಿ.ಪೂ. 722-721ರಲ್ಲಿ ಬಿದ್ದಿತು. ಎರಡನೆಯ ಸಾರ್ಗೋನನು ತನ್ನ ಶಾಸನದಲ್ಲಿ 27,290 ಜನರನ್ನು ಸೆರೆಯೊಯ್ದೆನೆಂದು ಹೇಳಿಕೊಂಡಿದ್ದಾನೆ. ಅರಸುಗಳು ಎರಡನೆಯ ಭಾಗದ 17ನೆಯ ಅಧ್ಯಾಯ ಈ ಪತನಕ್ಕೆ ಕೊಡುವ ಕಾರಣ ಒಂದೇ, ದೈವದ್ರೋಹ. ಇಲ್ಲಿಯವರೆಗೆ ಲೆಕ್ಕ ಸರಿಹೋಗುತ್ತದೆ.

ಸರಿಹೋಗದಿರುವುದು ದಕ್ಷಿಣರಾಜ್ಯದಲ್ಲಿ. ಮನಸ್ಸೆಯಷ್ಟು ದುಷ್ಟನಾದ ಅರಸನನ್ನು ಯೆಹೂದ ಕಂಡಿರಲಿಲ್ಲವೆಂದು ಗ್ರಂಥಕಾರನೇ ಹೇಳುತ್ತಾನೆ. ಅವನು 55 ವರ್ಷ ಆಳಿ ಅರಮನೆಯ ತೋಟದಲ್ಲಿ ಶಾಂತವಾಗಿ ಸಮಾಧಿ ಹೊಂದಿದನು. ಅವನ ಮೊಮ್ಮಗ ಯೋಷೀಯನು ಕ್ರಿ.ಪೂ. 622ರಲ್ಲಿ ದೇವಾಲಯದಲ್ಲಿ ದೊರೆತ ಧರ್ಮಶಾಸ್ತ್ರದಂತೆ ನಾಡನ್ನು ಶುದ್ಧಿ ಮಾಡಿದವನು. ಪ್ರವಾದಿನಿ ಹುಲ್ದಳು ಅವನಿಗೆ ಸಮಾಧಾನದ ಸಮಾಧಿಯನ್ನು ವಾಗ್ದಾನ ಮಾಡಿದ್ದಳು. ಕ್ರಿ.ಪೂ. 609ರಲ್ಲಿ ಮೆಗಿದ್ದೋವಿನಲ್ಲಿ ಫರೋಹ ನೆಕೋವಿನ ಕೈಯಲ್ಲಿ ಅವನು ಹತನಾದನು. ಅರಸುಗಳ ಗ್ರಂಥಕಾರ ಈ ವೈಷಮ್ಯವನ್ನು ಮುಚ್ಚಿಡುವುದಿಲ್ಲ. ಮನಸ್ಸೆಯ ಪಾಪ ಎಷ್ಟು ಹಿರಿದೆಂದರೆ ಯೋಷೀಯನ ಭಕ್ತಿಯೂ ನಾಡನ್ನು ಉಳಿಸಲಾರದೆ ಹೋಯಿತೆಂದು ಹೇಳಿ ಸುಮ್ಮನಾಗುತ್ತಾನೆ. ಶತಮಾನಗಳ ಅನಂತರ ಪೂರ್ವಕಾಲವೃತ್ತಾಂತವನ್ನು ಬರೆದವನಿಗೆ ಇದು ಸಹಿಸಲಿಲ್ಲ. ಅವನ ಗ್ರಂಥದಲ್ಲಿ ಮನಸ್ಸೆ ಸೆರೆಯಾಗಿ ಬಾಬೆಲಿಗೆ ಹೋಗಿ, ಪಶ್ಚಾತ್ತಾಪಪಟ್ಟು, ಹಿಂದಿರುಗಿ ಸುಧಾರಕನಾಗುತ್ತಾನೆ. ಯೋಷೀಯನು ನೆಕೋವಿನ ಬಾಯಿಂದ ಬಂದ ದೇವರ ಮಾತನ್ನು ಕೇಳದೆ ಸಾಯುತ್ತಾನೆ. ಇಬ್ಬರ ಬಾಳೂ ಲೆಕ್ಕಕ್ಕೆ ಹೊಂದಿಕೊಂಡಿತು. ಎರಡೂ ಗ್ರಂಥಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ವಿದ್ಯಾರ್ಥಿಗಳಿಗೆ ಉತ್ತಮ ಅಭ್ಯಾಸ. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯವನ ಮೌನದಲ್ಲಿಯೇ ಹೆಚ್ಚು ಪ್ರಾಮಾಣಿಕತೆಯಿದೆ.

ಅಜ್ಜನ ಪಾಪಕ್ಕೆ ಮರಿಮಕ್ಕಳು ತೆರಬೇಕೆಂಬ ವಿವರಣೆ ಸೆರೆಹೋದವರ ಬಾಯಲ್ಲಿ ಕಹಿಯಾದ ಗಾದೆಯಾಯಿತು: ಹುಳಿದ್ರಾಕ್ಷಿ ತಿಂದವರು ಒಬ್ಬರು, ಹಲ್ಲು ಜುಮ್ಮೆಂದುದು ಇನ್ನೊಬ್ಬರಿಗೆ. ಯೆಹೆಜ್ಕೇಲನು ತನ್ನ 18ನೆಯ ಅಧ್ಯಾಯದಲ್ಲಿ ಈ ಗಾದೆಯನ್ನು ನಿಷೇಧಿಸಿ, ಪಾಪ ಮಾಡಿದವನೇ ಸಾಯುವನು, ತಿರುಗಿಕೊಂಡವನು ಬದುಕುವನು ಎಂದು ಸಾರಿದನು. ವಿಮೋಚನಕಾಂಡದ ಹತ್ತು ಆಜ್ಞೆಗಳಲ್ಲಿಯೇ ಮೂರು ನಾಲ್ಕು ತಲೆಗಳವರೆಗೆ ದಂಡನೆಯ ಮಾತಿರುವಾಗ ಇದು ಸಣ್ಣ ಧೈರ್ಯವಲ್ಲ. ಅದೇ ಯೆಹೆಜ್ಕೇಲನು 17ನೆಯ ಅಧ್ಯಾಯದಲ್ಲಿ, ಚಿದ್ಕೀಯನು ಬಾಬೆಲಿನ ಅರಸನಿಗೆ ಕೊಟ್ಟ ಆಣೆಯನ್ನು ಮುರಿದುದನ್ನು ದೇವರ ಒಡಂಬಡಿಕೆಯ ಭಂಗವೆಂದೇ ಎಣಿಸುತ್ತಾನೆ. ಶತ್ರುವಿಗೆ ಕೊಟ್ಟದ್ದಾದರೂ ಮಾತು ಮಾತೇ. 44ನೆಯ ಕೀರ್ತನೆಯ ಕವಿಯಂತೂ, ನಾವು ಒಡಂಬಡಿಕೆಗೆ ತಪ್ಪಲಿಲ್ಲ, ಆದರೂ ಸೋತೆವು ಎಂದು ದೇವರನ್ನೇ ನಿದ್ದೆಯಿಂದ ಎಬ್ಬಿಸುತ್ತಾನೆ. ಯೋಬನ ಗ್ರಂಥ ಪ್ರಸಿದ್ಧವಾಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಊರಿನ ಉಳಿದವರಿಗಿಂತ ಪಾಪಿಗಳಲ್ಲವೆಂದು ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಮಾತೂ ಈ ಪರಂಪರೆಗೇ ಸೇರಿದುದು.

ಯೆರೂಸಲೇಮ್ ನಾಶವಾದ ಮೇಲೆ, ಕ್ರಿ.ಪೂ. 587-586ರ ಅನಂತರ, ಅಳಿದುಳಿದವರು ಯೆರೆಮೀಯನನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಿಹೋದರು. ಅಲ್ಲಿ ನಡೆದ ವಾಗ್ವಾದವೊಂದನ್ನು ಅವನ ಗ್ರಂಥದ 44ನೆಯ ಅಧ್ಯಾಯ ಉಳಿಸಿಕೊಟ್ಟಿದೆ. ನಿಮ್ಮ ಅನ್ಯಪೂಜೆಯಿಂದಲೇ ನಾಡು ಹಾಳಾಯಿತೆಂದು ಪ್ರವಾದಿ ಹೇಳಿದಾಗ ನೆರೆದವರು ಎದುರು ನಿಂತು ಕೊಟ್ಟ ಉತ್ತರದ ತಾತ್ಪರ್ಯವಿದು: ಗಗನದ ರಾಣಿಗೆ ನಾವು ಧೂಪ ಹಾಕುತ್ತಿದ್ದಾಗ ಹೊಟ್ಟೆ ತುಂಬ ಊಟವಿತ್ತು, ಯಾವ ಕೇಡೂ ಇರಲಿಲ್ಲ, ನಿಲ್ಲಿಸಿದಂದಿನಿಂದ ಎಲ್ಲಕ್ಕೂ ಕೊರತೆ, ಖಡ್ಗಕ್ಷಾಮಗಳಿಂದ ಸಾವು. ಆಕೆಗೆ ರೊಟ್ಟಿಗಳನ್ನು ಮಾಡಿದ್ದು ನಮ್ಮ ಗಂಡಂದಿರಿಗೆ ತಿಳಿಯದೆಯೋ ಎಂದು ಹೆಂಗಸರು ಸೇರಿಸಿದರು. ‘ನಿಲ್ಲಿಸಿದ್ದು’ ಯೋಷೀಯನ ಸುಧಾರಣೆಯಿಂದ ಎಂದು ಅನೇಕ ವ್ಯಾಖ್ಯಾನಕಾರರ ಮತ. ಹಾಗಾದರೆ ಹೆಂಗಸರ ಕಡೆಗೆ ಕಾಲಗಣನೆಯ ಬಲವೂ ಇದೆ. ಸುಧಾರಣೆಯ ಹದಿಮೂರು ವರ್ಷಗಳೊಳಗೆ ಅರಸನ ಸಾವು, ಮೂವತ್ತಾರು ವರ್ಷಗಳೊಳಗೆ ನಗರದ ನಾಶ. ಅವರದೂ ದ್ರೋಹ ಮತ್ತು ಫಲದ ಸಿದ್ಧಾಂತವೇ. ಯಾವ ದೇವತೆಗೆ ದ್ರೋಹವಾಯಿತೆಂಬುದರಲ್ಲಿ ಮಾತ್ರ ಭೇದ. ಯೆರೆಮೀಯನು ತರ್ಕದಿಂದ ಇದನ್ನು ಖಂಡಿಸಲಾರದೆ, ಯಾರ ಮಾತು ನಿಲ್ಲುವುದೆಂದು ಮುಂದೆ ನೋಡಿರಿ ಎಂದು ಫರೋಹ ಹೊಫ್ರನ ಪತನವನ್ನು ಗುರುತಾಗಿ ಕೊಟ್ಟನು. ಹೊಫ್ರನು ಕ್ರಿ.ಪೂ. 570ರಲ್ಲಿ ಅಮಾಸಿಸನಿಂದ ಪದಚ್ಯುತನಾದನು. ಗೆದ್ದ ಪಕ್ಷ ತನ್ನ ಗ್ರಂಥದಲ್ಲಿ ಎದುರಾಳಿಯ ವಾದವನ್ನು ಇಷ್ಟು ಬಲವಾಗಿ ಬರೆದಿಟ್ಟಿರುವುದು ಪ್ರಾಚೀನ ಸಾಹಿತ್ಯದಲ್ಲಿ ವಿರಳ.

ಅದೇ ಈಜಿಪ್ಟಿನ ದಕ್ಷಿಣ ಮೇರೆಯ ಎಲಿಫೆಂಟೈನ್ ದ್ವೀಪದಲ್ಲಿ ಕ್ರಿ.ಪೂ. 5ನೆಯ ಶತಮಾನದಲ್ಲಿ ಯೆಹೂದ್ಯ ಸೈನಿಕರ ವಸತಿಯೊಂದಿತ್ತು. ಅಲ್ಲಿನ ಅರಮಾಯ ಪತ್ರಗಳಲ್ಲಿ ಕಾಣಿಕೆಯ ಲೆಕ್ಕವೊಂದಿದೆ: ಯಾಹೂ ದೇವನಿಗೆ 12 ಕರ್ಷ 6 ಶೆಕೆಲ್, ಎಷೆಮ್‌ಬೇತೆಲನಿಗೆ 7 ಕರ್ಷ, ಅನತ್‌ಬೇತೆಲಳಿಗೆ 12 ಕರ್ಷ. ಕ್ರಿ.ಪೂ. 410ರಲ್ಲಿ ಅವರ ದೇವಾಲಯವನ್ನು ಖ್ನೂಮ್ ದೇವನ ಪೂಜಾರಿಗಳ ಪ್ರೇರಣೆಯಿಂದ ಕೆಡವಲಾಯಿತು. ಮೂರು ವರ್ಷಗಳ ಮೇಲೆ ಅವರು ಯೆಹೂದದ ಪರ್ಷಿಯನ್ ಅಧಿಪತಿಗೆ ಬರೆದ ಬಿನ್ನಹ ಉಳಿದಿದೆ. ಗೋಣಿತಟ್ಟು ಉಟ್ಟು ಉಪವಾಸವಿದ್ದೇವೆ, ಎಣ್ಣೆ ಹಚ್ಚಿಲ್ಲ, ದ್ರಾಕ್ಷಾರಸ ಕುಡಿದಿಲ್ಲ, ಕೆಡವಿದವರಿಗೆ ಕೇಡಾದುದನ್ನು ಕಣ್ಣಾರೆ ಕಂಡಿದ್ದೇವೆ ಎಂದೆಲ್ಲ ಅದರಲ್ಲಿ ಹೇಳಿದ್ದಾರೆ. ಈ ವಿಪತ್ತಿಗೆ ತಮ್ಮ ದ್ರೋಹವೇ ಕಾರಣವೆಂಬ ಮಾತು ಆ ಬಿನ್ನಹದಲ್ಲಿ ಎಲ್ಲಿಯೂ ಬರುವುದಿಲ್ಲ. ಅವರು ಕೇಳುವುದು ದೇವಾಲಯವನ್ನು ಮತ್ತೆ ಕಟ್ಟಲು ಅಪ್ಪಣೆಯನ್ನು ಮಾತ್ರ.